ಅಕ್ಕ ದಾಟದ ಸೇತುವೆ

ಅಲುಗಾಡುವ ವಸ್ತು ಕಂಡರೆ ನನಗೆ ಸುಮ್ಮನಿರಲು ಬರುವುದಿಲ್ಲ. ಟಿಳಕವಾಡಿಯ ತವರುಮನೆಯಲ್ಲಿ ರೈಲು ಹೋದಾಗಲೆಲ್ಲ ಅಡುಗೆಮನೆಯ ತಾಟುಗಳು ಗಲಗಲ ಎನ್ನುತ್ತಿದ್ದವು. ಮನೆಯ ಉಳಿದವರಿಗೆ ಅದು ಹೊತ್ತು ಎಷ್ಟಾಯಿತೆಂದು ತಿಳಿಯುವ ಗುರುತು. ನನಗೆ ಮಾತ್ರ, ತಾಟು ಅಲುಗಿದರೆ ಪಕ್ಕದ ತಂಬಿಗೆ ಯಾಕೆ ಅಲುಗುವುದಿಲ್ಲ ಎಂಬ ಪ್ರಶ್ನೆ. ಅವ್ವನನ್ನು ಕೇಳಿ ಕೇಳಿ ಬೈಸಿಕೊಂಡಿದ್ದೇನೆ. ಈಗ ರಾಮತೀರ್ಥ ನಗರದ ನನ್ನ ಮನೆಯಲ್ಲಿ ಬಟ್ಟೆ ಒಗೆಯುವ ಮಷೀನು ಕುಣಿಯತೊಡಗಿದರೆ ಗಂಡ ಅದನ್ನು ನಿಲ್ಲಿಸಲು ಓಡುತ್ತಾರೆ, ನಾನು ಅದರ ಮೇಲೆ ಕೈಯಿಟ್ಟು ನಿಂತುಬಿಡುತ್ತೇನೆ.

ಇದೇ ಚಟ ಹೊಟ್ಟೆಪಾಡೂ ಆಯಿತು. ಬೆಳಗಾವಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೇತುವೆ, ಕಟ್ಟಡ, ನೀರಿನ ಟಾಕಿಗಳ ಬಲ ಮತ್ತು ಕಂಪನದ ಪಾಠ ಮಾಡುತ್ತೇನೆ. ಒಂದು ಸೇತುವೆಯನ್ನು ಪರೀಕ್ಷಿಸಬೇಕೆಂದರೆ ಮೊದಲು ಕಂಪ್ಯೂಟರಿನಲ್ಲಿ ಅದರ ಮಾದರಿ ಕಟ್ಟಬೇಕು. ಎಷ್ಟು ಉದ್ದ, ಎಂಥ ಉಕ್ಕು, ಎಷ್ಟು ತೂಕ, ತುದಿಗಳು ಹೇಗೆ ಕೂತಿವೆ ಎಂದೆಲ್ಲ ಹೇಳಿಕೊಟ್ಟರೆ, ಅದನ್ನು ತಟ್ಟಿ ಬಿಟ್ಟಾಗ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂದು ಮಾದರಿ ಹೇಳುತ್ತದೆ. ಆಮೇಲೆ ಜಾಗಕ್ಕೆ ಹೋಗಿ, ನಿಜವಾದ ಸೇತುವೆಗೆ ಸೆನ್ಸರ್ ಅಂಟಿಸಿ, ಅಲುಗಾಡಿಸಿ, ಮಾದರಿಯ ಮಾತು ಖರೆಯೋ ಸುಳ್ಳೋ ನೋಡಬೇಕು. ಈ ಎರಡನೆಯ ಕೆಲಸಕ್ಕೆ ಮೈಗಳ್ಳತನ ಮಾಡಿ, ಪರದೆಯ ಮೇಲಿನ ಬಣ್ಣದ ಚಿತ್ರವನ್ನೇ ಸೇತುವೆ ಅಂದುಕೊಂಡವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ಗೊತ್ತು, ಬೈಗುಳ ತಿಂದೇ ಗೊತ್ತು.

ನನ್ನ ಅಕ್ಕನನ್ನು ಕೊಟ್ಟದ್ದು ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿಯ ಕಡೆ ಒಂದು ಸಣ್ಣ ಊರಿಗೆ. ಅಲ್ಲಿ ಮಳೆ ಹಿಡಿಯಿತೆಂದರೆ ಬಿಡುವ ಮಾತಿಲ್ಲ. ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ಖಾನಾಪುರದ ಹತ್ತಿರ ಒಂದು ಜಲ್ಲಿ ಕ್ರಷರಿನಲ್ಲಿ ಮೇಲ್ವಿಚಾರಕರು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹೀಗಾಗಿ ಭತ್ತದ ಕೆಲಸ, ಎಮ್ಮೆ, ಹುಲ್ಲು ಎಲ್ಲ ಅಕ್ಕನದೇ. ಅವರ ಗದ್ದೆಗಳಲ್ಲಿ ಒಂದು ಹಳ್ಳದ ಆಚೆಗಿದೆ. ಅಕ್ಕ ಮದುವೆಯಾಗಿ ಹೋದಾಗ ಅದು ಗದ್ದೆಯೇ ಆಗಿರಲಿಲ್ಲ, ಮುಳ್ಳುಕಂಟಿ ಬೆಳೆದ ಇಳಿಜಾರು. ಅವಳೇ ಕಂಟಿ ಕಡಿದು, ಕಲ್ಲು ಆರಿಸಿ, ಬದು ಕಟ್ಟಿ, ಮೂರು ಮಳೆಗಾಲ ಕಾದು ಅದನ್ನು ಗದ್ದೆ ಮಾಡಿದಳು. ಆ ಊರಿನಲ್ಲಿ ಅವಳ ಕೈಯಿಂದಲೇ ಆದ ಆಸ್ತಿ ಅದೊಂದೇ. ಮನೆಗೆ ಯಾರೇ ಬರಲಿ, ಚಹಾ ಕೊಟ್ಟ ಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋಗಿ, "ಅಕಾ ಅಲ್ಲಿ ಹಸರ ಕಾಣಾಕತ್ತೈತಲ್ಲ, ಅದ ನಂದು" ಎಂದು ತೋರಿಸುತ್ತಾಳೆ.

ಮಳೆಗಾಲದಲ್ಲಿ ಆ ಹಳ್ಳ ತುಂಬಿದರೆ ಆಚೆಗೆ ಹೋಗುವುದೇ ಒಂದು ಸಾಹಸವಾಗಿತ್ತು. ಕೊನೆಗೆ ಹಳ್ಳಕ್ಕೆ ಉಕ್ಕಿನ ಕಾಲುಸೇತುವೆ ಬಂತು. ಎರಡೂ ದಡದಲ್ಲಿ ಕಲ್ಲಿನ ಕಟ್ಟೆ, ನಡುವೆ ಕಂಬವಿಲ್ಲ, ನೆಲಕ್ಕೆ ಗೀರು ಹೊಡೆದ ಉಕ್ಕಿನ ತಗಡು, ಎರಡೂ ಬದಿಗೆ ಕಟಕಟೆ. ಹೊಸದಿದ್ದಾಗಲೇ ನಾನು ಹೋಗಿ, ಅಳತೆ ತೆಗೆದು, ನಡುಮಧ್ಯ ಹಾರಿ, ಅಲುಗಾಟ ಅಳೆದು ಬಂದಿದ್ದೆ. ಯಾರೂ ಕೇಳಿರಲಿಲ್ಲ, ನನ್ನ ಚಟಕ್ಕೆ ಹೋದದ್ದು. ಕಂಪ್ಯೂಟರಿನ ಮಾದರಿ ಸೆಕೆಂಡಿಗೆ ಸುಮಾರು ಮೂರು ಸಲ ಎಂದಿತ್ತು, ಸೇತುವೆಯೂ ಹಾಗೆಯೇ ಎಂದಿತ್ತು. ಅಷ್ಟು ಚಂದ ಹೊಂದಿದ್ದಕ್ಕೆ ಖುಷಿಯಾಗಿ ಒಂದು ವರ್ಷ ಅದನ್ನೇ ತರಗತಿಯಲ್ಲಿ ಉದಾಹರಣೆಯಾಗಿ ಕೊಟ್ಟೆ.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಅಕ್ಕ, ಮಾಮಾ ಟಿಳಕವಾಡಿಗೆ ಬಂದಿದ್ದರು. ಊಟಕ್ಕೆ ಕೂತಾಗ ಮಾಮಾ ಸಹಜವಾಗಿ ಹೇಳಿದರು:

"ಈ ವರ್ಷ ಹಳ್ಳದಾಚಿ ಗದ್ದಿ ಪಾಲಿಗೆ ಕೊಟ್ಟ ಬಿಡೂಣು ಅಂತ ಮಾಡೇನ್ರಿ. ನಿಮ್ಮ ಅಕ್ಕ ಬ್ರಿಜ್ ಮ್ಯಾಲ ಕಾಲ ಇಡವಲ್ಲಳು. ಮಳಿ ಬಿತ್ತಂದ್ರ ಹಳ್ಳದಾಗ ಇಳೀತಾಳ, ನನ್ನ ಜೀವಾ ಬಾಯಿಗೆ ಬರತೈತಿ. ಗದ್ದಿ ಹೋದ್ರ ಹೋತು."

ಒಲೆಯ ಮುಂದಿದ್ದ ಅಕ್ಕ ಮುಂದಿನ ರೊಟ್ಟಿಯನ್ನು ಅಗತ್ಯಕ್ಕಿಂತ ಜೋರಾಗಿ ಬಡಿದಳು.

ವಿಷಯ ಇಷ್ಟು. ಸುಗ್ಗಿಯ ಕೊನೆಯಲ್ಲಿ ಒಂದು ಸಂಜೆ ಅವಳು ಹುಲ್ಲಿನ ಹೊರೆ ಹೊತ್ತು ಸೇತುವೆಯ ನಡುವೆ ಬಂದಾಗ ಅದು ಕುಣಿಯತೊಡಗಿತ್ತು. ಹೊರೆ ಹಳ್ಳಕ್ಕೆ ಬಿತ್ತು, ಇವಳು ಕಟಕಟೆ ಹಿಡಿದು ಕುಕ್ಕರಿಸಿದಳು. ಅಂದಿನಿಂದ ಆ ಸೇತುವೆ ಬೇಡ ಎಂದರೆ ಬೇಡ. ಊರಲ್ಲಿ ಗಂಡಸರು ನಗುತ್ತಿದ್ದರು, ಏಕೆಂದರೆ ಅವರು ದಿನಾ ದಾಟುತ್ತಾರೆ, ಅವರಿಗೆ ಏನೂ ಆಗಿಲ್ಲ. ನನಗೂ ಮೊದಲು ಬಂದದ್ದು ಸಿಟ್ಟೇ. ನಾನೇ ಅಳೆದ ಸೇತುವೆ ಅದು. "ಅಕ್ಕಾ, ಆನಿ ನಡದ್ರೂ ಏನೂ ಆಗೂದಿಲ್ಲ ಅದಕ್ಕ" ಎಂದೆ. "ಆನಿಗೆ ಹೇಳ ಹಂಗಾರ" ಎಂದಳು.

ಆ ವಾರವೇ ಸೆನ್ಸರ್ ಡಬ್ಬಿ, ಲ್ಯಾಪ್‌ಟಾಪ್ ಕಾರಿಗೆ ಹಾಕಿಕೊಂಡು ಹೊರಟೆ. ನಿಜ ಹೇಳಬೇಕೆಂದರೆ ಅಕ್ಕನ ಹೆದರಿಕೆ ಸುಳ್ಳೆಂದು ತೋರಿಸುವ ಹಟ ಅರ್ಧ, ಕುಣಿದದ್ದು ಖರೆಯೇ ಆಗಿದ್ದರೆ ಯಾಕೆ ಕುಣಿಯಿತು ಎಂಬ ತುರಿಕೆ ಅರ್ಧ.

ಹೋದ ದಿನ ಮಾಮಾ ರಜೆ ಹಾಕಿದ್ದರು. ಇಬ್ಬರೂ ಸೇತುವೆಯ ಮೇಲೆ ಹೋದೆವು, ಬಂದೆವು. ಏನೂ ಇಲ್ಲ. ಮಾಮಾ ಕೈ ಬೀಸುತ್ತ ಓಡಿ ತೋರಿಸಿದರು. ಆಗಲೂ ಇಲ್ಲ. ಅಕ್ಕ ದಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಖಾಲಿ ಕೈಲೆ ಯಾರರೆ ದಾಟ್ತಾರ" ಎಂದಳು.

ಈ ಮಾತು ನನ್ನನ್ನು ಕೆರಳಿಸಿತು. ಸಿಂಬಿ ಇಟ್ಟು, ಅವಳ ಹುಲ್ಲಿನ ಹೊರೆ ನನ್ನ ತಲೆಯ ಮೇಲೆ ಹೊರಿಸಲು ಹೇಳಿದೆ. ಕುತ್ತಿಗೆ ಭುಜದೊಳಗೆ ಇಳಿದುಹೋಯಿತೇ ಎನ್ನಿಸಿತು. ಒಂದೊಂದೇ ಹೆಜ್ಜೆ ಇಟ್ಟು, ಹೆದರಿದ ಸೊಸೆಯ ಹಾಗೆ ಆಚೆ ಮುಟ್ಟಿದೆ. ಸೇತುವೆ ಅಲುಗಲಿಲ್ಲ. ತಿರುಗಿ ನೋಡಿದರೆ ಅಕ್ಕ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಾಳೆ. "ಹಂಗ ನಡದ್ರ ಮನಿ ಮುಟ್ಟೂದ್ರಾಗ ಹೊತ್ತ ಮುಳಗತೈತಿ, ಹುಚ್ಚಿ!"

ಹೊರೆ ಹೊತ್ತವರು ಹೇಗೆ ನಡೆಯುತ್ತಾರೆ ಎಂದು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ನೋಡಿದ್ದೆ, ಗಮನಿಸಿರಲಿಲ್ಲ. ಅಂದು ಸಂಜೆ ಆಚೆಯಿಂದ ಐದಾರು ಹೆಂಗಸರು ಹೊರೆ ಹೊತ್ತು ಬಂದರು. ಬದು ಅಗಲವಿಲ್ಲ, ಹಾಗಾಗಿ ಒಬ್ಬರ ಹಿಂದೆ ಒಬ್ಬರು. ತಲೆಯ ಮೇಲೆ ಭಾರವಿದ್ದಾಗ ನಿಧಾನ ಮಾಡಿದರೆ ಕುತ್ತಿಗೆಗೇ ಕಷ್ಟ. ಅದಕ್ಕೇ ಮೊಣಕಾಲು ತುಸು ಬಗ್ಗಿಸಿ, ಗಿಡ್ಡ ಗಿಡ್ಡ ಹೆಜ್ಜೆಯಲ್ಲಿ ತುರುತುರು ಬರುತ್ತಾರೆ. ಮುಂದಿನವಳ ಹೆಜ್ಜೆಗೆ ಹಿಂದಿನವಳ ಹೆಜ್ಜೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಸೇತುವೆಯ ಬಾಯಿಗೆ ಬಂದವರೇ ನಿಂತು, ಒಬ್ಬೊಬ್ಬರಾಗಿ, ಉಸಿರು ಬಿಗಿಹಿಡಿದು ದಾಟಿದರು. ಅಂದರೆ ಹೆದರಿಕೆ ಅಕ್ಕನೊಬ್ಬಳದೇ ಅಲ್ಲ. ಅವಳು ಬಾಯಿ ಬಿಟ್ಟು ಹೇಳಿದಳು, ಉಳಿದವರು ಹೇಳಲಿಲ್ಲ, ಅಷ್ಟೇ.

ಮರುದಿನ ಸಂಜೆ ಅವರನ್ನು ಕೇಳಿಕೊಂಡೆ: ಬದುವಿನ ಮೇಲೆ ಹೇಗೆ ಬರುತ್ತೀರೋ ಹಾಗೆಯೇ, ನಿಲ್ಲದೆ, ಒಟ್ಟಿಗೆ ಬರ್ರಿ. ಒಬ್ಬ ಮುದುಕಿ, "ಬಿದ್ರ ನೀ ಹಿಡೀತಿ ಏನವಾ?" ಎಂದಳು. ಮಾಮಾ ಮತ್ತು ಊರಿನ ಇಬ್ಬರು ಕೆಳಗೆ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತರು. ಹೆಂಗಸರು ನಗುತ್ತಲೇ ಬಂದರು. ಸೇತುವೆಯ ಕಾಲುಭಾಗ ದಾಟುವವರೆಗೆ ಲ್ಯಾಪ್‌ಟಾಪಿನ ಗೆರೆ ಸಣ್ಣಗೆ ನಡುಗುತ್ತಿತ್ತು. ನಡುವಿಗೆ ಬರುತ್ತಿದ್ದಂತೆ ಉಬ್ಬತೊಡಗಿತು. ಒಂದರ ಮೇಲೊಂದು, ಇನ್ನೂ ದೊಡ್ಡದು, ಇನ್ನೂ ದೊಡ್ಡದು. ಆಮೇಲೆ ಪರದೆ ನೋಡುವ ಅಗತ್ಯವೇ ಇರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. "ಅಯ್ಯಯ್ಯೋ, ಓಡ್ರೇ!" ಎಂದು ಮುಂದಿನವಳು ಕೂಗಿದ್ದೇ ತಡ, ಎಲ್ಲರೂ ಹೊರೆ ಸಮೇತ ಈಚೆ ಬಂದು ಬಿದ್ದರು. ಯಾರಿಗೂ ಏನೂ ಆಗಲಿಲ್ಲ.

ಜೋಕಾಲಿ ಆಡಿಸಿದವರಿಗೆಲ್ಲ ಇದು ಗೊತ್ತು. ಜೋರಾಗಿ ನೂಕಬೇಕಿಲ್ಲ, ಅದು ಹಿಂದೆ ಬಂದ ಹೊತ್ತಿಗೆ ಸರಿಯಾಗಿ ನೂಕಿದರೆ ಸಾಕು. ಹೆಂಗಸರ ತುರುತುರು ಹೆಜ್ಜೆ ಸೆಕೆಂಡಿಗೆ ಎರಡಕ್ಕಿಂತ ತುಸು ಜಾಸ್ತಿ, ಸೇತುವೆಯ ಆಟವೂ ಈಗ ಅಷ್ಟೇ. ಗಂಡಸರದು ಬೀಸುನಡಿಗೆ, ಅದಕ್ಕಿಂತ ನಿಧಾನ. ಅದಕ್ಕೇ ಅವರಿಗೆ ಏನೂ ಗೊತ್ತಾಗಲಿಲ್ಲ. ಇಲ್ಲಿಗೆ ಅಕ್ಕನ ಮಾತು ಖರೆ ಎಂದಾಯಿತು. ಮಾಮಾಗೆ ಪರದೆಯ ಗೆರೆ ತೋರಿಸಿ, "ನೋಡ್ರಿ ಮಾಮಾ, ಇದರಾಗ ಅಂಜಿಕಿ ಎಲ್ಲೈತಿ?" ಎಂದೆ. ಅವರು ಬಹಳ ಹೊತ್ತು ನೋಡಿ, "ಹಂಗಂದ್ರ ಗದ್ದಿ ಪಾಲಿಗೆ ಕೊಡೂದ ಚೊಲೋ ಅಂದಂಗಾತು" ಎಂದುಬಿಟ್ಟರು. ಮಳೆ ಹಿಡಿದ ಮೇಲೆ ಬಂದು ಗದ್ದೆ ನೋಡಲು ಒಬ್ಬರಿಗೆ ಆಗಲೇ ಹೇಳಿದ್ದರಂತೆ. ನಾನು ಅಕ್ಕನ ಪರವಾಗಿ ಸಾಕ್ಷಿ ಹೇಳಲು ಹೋಗಿ ಅವಳ ಗದ್ದೆಗೇ ಕಲ್ಲು ಹಾಕಿದ ಹಾಗಾಯಿತು.

ಆದರೆ ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಹೊಸದಿದ್ದಾಗ ಈ ಸೇತುವೆ ಸೆಕೆಂಡಿಗೆ ಸುಮಾರು ಮೂರು ಸಲ ಆಡುತ್ತಿತ್ತು. ಅದು ಹೆಂಗಸರ ಹೆಜ್ಜೆಯಿಂದ ದೂರವಿತ್ತು, ಆಗ ಅಕ್ಕ ಇದರ ಮೇಲೆಯೇ ಸುಗ್ಗಿ ಸಾಗಿಸಿದ್ದಳು. ಈಗ ಆಟ ಯಾಕೆ ನಿಧಾನವಾಯಿತು? ನಮ್ಮ ವಿದ್ಯೆಯಲ್ಲಿ ಇದಕ್ಕೆ ಮೊದಲು ಹುಟ್ಟುವ ಅನುಮಾನ ಒಳ್ಳೆಯದಲ್ಲ: ಎಲ್ಲೋ ಬಿರುಕು ಬಿಟ್ಟಿದೆ, ಎಲ್ಲೋ ಬೋಲ್ಟು ಸಡಿಲಾಗಿದೆ, ಸೇತುವೆ ಸೊರಗಿದೆ. ಬೆಳಿಗ್ಗೆ ಎದ್ದು ಅದರ ಹೊಟ್ಟೆಯ ಕೆಳಗೆ ಹೋಗಿ ಬೆಸುಗೆ ಬೆಸುಗೆ ನೋಡಿದೆ, ಬೋಲ್ಟು ಬೋಲ್ಟು ಬಡಿದೆ. ಎಲ್ಲ ಗಟ್ಟಿ. ಆದರೂ ಮನಸ್ಸು ಒಪ್ಪಲಿಲ್ಲ. ಊರವರ ನೀರಿನ ಡ್ರಮ್ಮುಗಳನ್ನು ನಡುವೆ ಸಾಲಾಗಿ ಇಡಿಸಿ, ತುಂಬಿಸಿ, ಸೇತುವೆ ಎಷ್ಟು ಬಾಗುತ್ತದೆ ಎಂದು ಕೆಳಗಿನಿಂದ ಅಳೆದೆ. ಆ ತೂಕಕ್ಕೆ ಮಾದರಿ ಎಷ್ಟು ಬಾಗಬೇಕು ಎಂದಿತ್ತೋ ಅಷ್ಟೇ ಬಾಗಿತ್ತು. ಅಂದರೆ ಬಲ ಕಡಿಮೆಯಾಗಿಲ್ಲ.

ಬಲ ಅಷ್ಟೇ ಇದೆ, ಆಟ ಮಾತ್ರ ನಿಧಾನವಾಗಿದೆ. ಹಾಗಿದ್ದರೆ ಉಳಿದದ್ದು ಒಂದೇ, ತೂಕ. ಒಗೆದ ಬಟ್ಟೆಯ ಹಗ್ಗದ ಮೇಲೆ ಒಣ ಟಾವೆಲ್ ಹಾಕಿ ಎಳೆದು ಬಿಟ್ಟರೆ ಹಗ್ಗ ಬೇಗ ಬೇಗ ಆಡುತ್ತದೆ, ಒದ್ದೆ ಕೌದಿ ಹಾಕಿದರೆ ನಿಧಾನಕ್ಕೆ ತೂಗುತ್ತದೆ. ಈ ಸೇತುವೆಯ ಮೇಲೆ ಕೌದಿ ಎಲ್ಲಿಂದ ಬಂತು ಎಂದು ಯೋಚಿಸುತ್ತ ಕೆಳಗೆ ನೋಡಿದರೆ, ನಾನು ನಿಂತದ್ದೇ ಮಣ್ಣಿನ ಮೇಲೆ. ಕೆಂಪು ಮಣ್ಣು, ಸಗಣಿ ಸಾರಿಸಿ ಗಟ್ಟಿ ಮಾಡಿದ್ದು, ಈ ತುದಿಯಿಂದ ಆ ತುದಿಯವರೆಗೆ. ಎರಡು ದಿನದಿಂದ ಅದರ ಮೇಲೆಯೇ ಓಡಾಡುತ್ತಿದ್ದೇನೆ. ಊರ ಕಡೆಯ ದಾರಿ ಅಂದರೆ ಮಣ್ಣಿರುವುದೇ ಅಲ್ಲವೇ, ಕಣ್ಣಿಗೆ ಕಂಡದ್ದು ತಲೆಗೆ ಹೋಗಿರಲಿಲ್ಲ. ಕಾಲಿನಿಂದ ಕೆರೆದೆ. ತಗಡು ಕಾಣಲು ನಾಲ್ಕು ಬೆರಳು ಆಳ ಹೋಗಬೇಕಾಯಿತು. ನನಗೆ ಕುಣಿದಾಡುವಷ್ಟು ಸಂತೋಷವಾಯಿತು, ಖರೇ ಹೇಳುತ್ತೇನೆ.

ಓಡಿ ಹೋಗಿ ಅಕ್ಕನನ್ನು ಕೇಳಿದೆ, "ಬ್ರಿಜ್ ಮ್ಯಾಲ ಮಣ್ಣ ಯಾರು ಹಾಕಿದ್ರು?"

ಅವಳು ಎಮ್ಮೆಯ ಮೈ ತೊಳೆಯುತ್ತಿದ್ದಳು. "ನಾನ. ಯಾಕ?"

ನನ್ನ ಸಂತೋಷ ಅಲ್ಲಿಗೇ ನಿಂತಿತು.

ಆದದ್ದು ಹೀಗೆ. ಸೇತುವೆ ಬಂದಾಗ ಮನುಷ್ಯರು ದಾಟಿದರು, ಎಮ್ಮೆಗಳು ದಾಟಲಿಲ್ಲ. ಗೊರಸು ಇಟ್ಟರೆ ತಗಡು ಢಣ್ ಎನ್ನುತ್ತದೆ, ಕೆಳಗೆ ಪೊಳ್ಳು ಎಂದು ಅವಕ್ಕೆ ತಿಳಿಯುತ್ತದೆ, ಜಾರುತ್ತದೆ ಬೇರೆ. ಅಕ್ಕನ ಎಮ್ಮೆಯಂತೂ ಸೇತುವೆಯ ಬಾಯಲ್ಲಿ ಮಲಗಿಯೇ ಬಿಟ್ಟಿತಂತೆ. ಆಗ ಅಕ್ಕ ಉಳಿದ ಹೆಂಗಸರನ್ನು ಕರೆದು, ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿಸಿ, ನೀರು ಚಿಮುಕಿಸಿ, ತುಳಿದು, ಸಗಣಿ ಸಾರಿಸಿ, ಅಂಗಳದ ಹಾಗೆ ಮಾಡಿದಳು. ಎಮ್ಮೆ ದಾಟಿತು. ಕೆಲವು ದಿನದ ಮೇಲೆ, ಹೊರೆ ಹೊತ್ತಾಗ ಸೇತುವೆ ಸಣ್ಣಗೆ ತೂಗಿದ ಹಾಗೆನಿಸಿತು.

"ಆಮ್ಯಾಲ ಏನ್ ಮಾಡ್ದಿ?"

"ಇನ್ನೊಂದ ಪದರ ಮಣ್ಣ ಹಾಕಿಸಿದ್ನಿ. ಹಗೂರ ಐತಿ ಅಂತ ಕುಣೀತೈತಿ, ವಜ್ಜಿ ಮಾಡಿದ್ರ ಗಪ್ಪ ಕುಂದರತೈತಿ ಅಂತ."

ಗಾಳಿಗೆ ಹಾರುವ ಚಾವಣಿಯ ಪತ್ರಾಸಿಗೆ ಕಲ್ಲು ಇಡುವ ಊರು ಅದು. ಅಲುಗುವುದಕ್ಕೆ ತೂಕ ಹೇರುವುದು ಅಲ್ಲಿ ಯಾರಿಗಾದರೂ ಬರುವ ಯೋಚನೆ. ಆದರೆ ಈ ಸೇತುವೆಗೆ ಹೇರಿದ ಒಂದೊಂದು ಬುಟ್ಟಿ ಮಣ್ಣೂ ಅದರ ಆಟವನ್ನು ನಿಧಾನ ಮಾಡುತ್ತ, ಅವರ ಹೆಜ್ಜೆಯ ಹತ್ತಿರ ಹತ್ತಿರ ತಂದು ನಿಲ್ಲಿಸಿತ್ತು. ಇದನ್ನು ಹೇಗೆ ಹೇಳುವುದು ಎಂದು ತಿಳಿಯದೆ, ಬಟ್ಟೆಯ ಹಗ್ಗ ತೋರಿಸಿ, ಟಾವೆಲ್ ಹಾಕಿ, ಕೌದಿ ಹಾಕಿ ಹೇಳಿದೆ. ಅಕ್ಕ ತಾನೇ ಹಗ್ಗ ಎಳೆದು ಬಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತಳು.

"ಅಂದ್ರ ನನ್ನ ಕೈಲೆ ನಾನ ಕೆಡಿಸಿಕೊಂಡ್ನೇನ?"

"ನೀ ಅಲ್ಲಕ್ಕಾ. ಎಮ್ಮಿ ತಿರುಗೂ ಊರಾಗ ತಗಡ ಹಾಸಿ ಹೋದ್ರಲ್ಲ, ಅವರು."

ಸಮಾಧಾನಕ್ಕೆ ಹೇಳಿದ್ದಲ್ಲ, ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಎಷ್ಟು ಜನ, ಎಷ್ಟು ತೂಕ ಎಂದೆಲ್ಲ ಲೆಕ್ಕ ಹಾಕಿದವರು, ದಿನಾ ಹಳ್ಳ ದಾಟುವ ಎಮ್ಮೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ಮಾದರಿಯಲ್ಲಿಯೂ ಎಮ್ಮೆ ಇರಲಿಲ್ಲ. ಊರಿನ ಹಿರಿಯರೊಬ್ಬರು, ಇಷ್ಟಕ್ಕೆಲ್ಲ ಯಾಕೆ, 'ಒಬ್ಬೊಬ್ಬರೇ ನಿಧಾನ ದಾಟಿರಿ' ಎಂದು ಬೋರ್ಡು ಬರೆಸಿದರಾಯಿತು ಎಂದರು. ನಾನು ದನಿ ಏರಿಸಿದೆ. "ನೀವು ಆ ಹೊರಿ ಹೊತ್ತ ನಿಧಾನ ದಾಟಿ ತೋರಸ್ರಿ, ಆಮ್ಯಾಲ ಬೋರ್ಡ್ ಬರಸೂಣು" ಎಂದೆ. ಅವರು ಎಲೆ ಅಡಿಕೆಯ ಚೀಲ ಹುಡುಕತೊಡಗಿದರು.

ಮಣ್ಣು ತೆಗೆಯಬೇಕು, ಅದು ಸರಿ. ತೆಗೆದರೆ ಎಮ್ಮೆ ದಾಟುವುದಿಲ್ಲ. ಢಣ್ ಎನ್ನಬಾರದು, ಜಾರಬಾರದು, ಭಾರವೂ ಇರಬಾರದು, ಅಂಥದ್ದು ಏನಾದರೂ ಬೇಕು. ನಾನು ಮರದ ಹಲಗೆ ಎಂದೆ. ಆ ಮಳೆಗೆ ಎರಡು ವರ್ಷದಲ್ಲಿ ಕೊಳೆಯುತ್ತದೆ ಎಂದರು ಊರವರು. ಮಾಮಾ, "ಕ್ರಷರಿನ ಹಳೇ ಬೆಲ್ಟ್ ನಡೀತೈತೇನವಾ?" ಎಂದರು. ಜಲ್ಲಿ ಸಾಗಿಸುವ ಅಗಲವಾದ ರಬ್ಬರ್ ಪಟ್ಟಿ, ಸವೆದ ಮೇಲೆ ಮೂಲೆಯಲ್ಲಿ ಸುರುಳಿ ಬಿದ್ದಿರುತ್ತದೆ. ಅದರ ಒಂದು ತುಂಡು ತರಿಸಿ, ತೂಗಿ, ಮಾದರಿಯಲ್ಲಿ ಸೇರಿಸಿ ನೋಡಿದೆ. ಸೇತುವೆಯ ಆಟ ಹೆಜ್ಜೆಯಿಂದ ದೂರವೇ ಉಳಿಯುತ್ತದೆ ಎಂದು ಬಂತು. ಮಾಲೀಕರನ್ನು ಕೇಳಿ ಮಾಮಾ ಇಡೀ ಸುರುಳಿ ತಂದರು. ಸೇತುವೆ ನೋಡಿಕೊಳ್ಳುವ ಕಚೇರಿಯವರೂ ಬಂದು ನೋಡಿ, ಹೂಂ ಅಂದರು.

ಮಣ್ಣು ತೆಗೆಯುವ ದಿನ ಅದನ್ನು ಹಾಕಿದ್ದು ಯಾರು ಎಂಬ ಮಾತು ಬಾರದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅಕ್ಕ ಸಲಿಕೆ ಹಿಡಿದು ಎಲ್ಲರ ಮುಂದೆ ನಿಂತು, "ಹಾಕಿಸಿದಾಕಿ ನಾನ, ತಗಸಾಕಿನೂ ನಾನ. ನಗೂದಿದ್ರ ಈಗ ನಕ್ಕ ಬಿಡ್ರಿ, ಆಮ್ಯಾಲ ಬುಟ್ಟಿ ಹಿಡೀರಿ" ಎಂದಳು. ಕೆಲವರು ನಕ್ಕರು, ಎಲ್ಲರೂ ಬುಟ್ಟಿ ಹಿಡಿದರು. ರಬ್ಬರ್ ಹಾಸಿ ಬಿಗಿದ ಮೇಲೆ ನಾನು ಅಳೆದೆ. ಸೇತುವೆ ತನ್ನ ಹಳೆಯ ಆಟಕ್ಕೆ ಹೆಚ್ಚುಕಡಿಮೆ ಮರಳಿತ್ತು. ಹೊರೆ ಹೊತ್ತ ಹೆಂಗಸರು ತುರುತುರು ಬಂದರು, ಗೆರೆ ಉಬ್ಬಲಿಲ್ಲ. ಎಮ್ಮೆ ರಬ್ಬರನ್ನು ಮೂಸಿ, ಸೀನಿ, ಕೊನೆಗೆ ದೊಡ್ಡ ಉಪಕಾರ ಮಾಡಿದ ಹಾಗೆ ದಾಟಿತು. ಅಕ್ಕ ಮಾತ್ರ ದಾಟಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಲೆಕ್ಕ ಹೊಂದಿದರೂ ಕಾಲಿಗೆ ನಂಬಿಕೆ ಬರಬೇಕಲ್ಲ, ಅದನ್ನು ಅಳೆಯುವ ಡಬ್ಬಿ ನನ್ನ ಹತ್ತಿರವಿಲ್ಲ.

ಮಳೆ ಹಿಡಿದ ಮೇಲೆ ಒಂದು ರವಿವಾರ ಮತ್ತೆ ಹೋದೆ. ಮಳೆಯಲ್ಲಿ ರಬ್ಬರ್ ನೀರು ಹಿಡಿದು ಭಾರವಾಗುತ್ತದೆಯೋ ಎಂದು ನೋಡುವುದಿತ್ತು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಈಚೆ ದಡದಲ್ಲಿ ನಾಟಿಗೆಂದು ಕಿತ್ತಿಟ್ಟ ಭತ್ತದ ಸಸಿಯ ಕಟ್ಟುಗಳಿದ್ದವು. ನಾನು ಸೆನ್ಸರ್ ಅಂಟಿಸಿ ವೈರು ಬಿಡಿಸುತ್ತಿದ್ದಾಗ, ಪಕ್ಕದಲ್ಲಿ ಯಾರೋ ಸಿಂಬಿ ಸರಿಮಾಡಿಕೊಂಡ ಹಾಗಾಯಿತು. ತಲೆಯೆತ್ತಿದರೆ ಅಕ್ಕ, ತಲೆಯ ಮೇಲೆ ಸಸಿಯ ಕಟ್ಟು, ಹಿಂದೆ ಇನ್ನೂ ನಾಲ್ವರು. ನನ್ನ ಕಡೆ ನೋಡಲಿಲ್ಲ. ಮೊಣಕಾಲು ಬಗ್ಗಿಸಿ, ಗಿಡ್ಡ ಹೆಜ್ಜೆಯಲ್ಲಿ, ತುರುತುರು ಹೋದಳು. ನಾನು ಲ್ಯಾಪ್‌ಟಾಪನ್ನು ತೆರೆದೇ ಇರಲಿಲ್ಲ. ತೆರೆದಿದ್ದರೂ ನೋಡುತ್ತಿರಲಿಲ್ಲ, ಕಣ್ಣು ತುಂಬಿಕೊಂಡಿತ್ತು.

ಅವಳು ಆಚೆ ಗದ್ದೆಗೆ ಇಳಿದು ಸೆರಗು ಸೊಂಟಕ್ಕೆ ಸಿಕ್ಕಿಸುವ ಹೊತ್ತಿಗೆ ಮಾಮಾ ದಡಕ್ಕೆ ಬಂದರು. ಜೊತೆಗೆ ಕೊಡೆ ಹಿಡಿದ ಒಬ್ಬರು, ಗದ್ದೆ ಪಾಲಿಗೆ ಮಾಡಲು ಒಪ್ಪಿದ್ದವರು. ಬೇಸಿಗೆಯಲ್ಲಿ ಹೇಳಿದ ಮಾತಿಗೆ ಈಗ ಗದ್ದೆ ನೋಡಲು ಬಂದಿದ್ದರು. ಬರಬೇಡಿ ಎಂದು ಹೇಳಿ ಕಳಿಸಲು ಮಾಮಾಗೆ ಬಾಯಿ ಬಂದಿರಲಿಲ್ಲವಂತೆ, ಅಕ್ಕ ದಾಟುತ್ತಾಳೋ ಇಲ್ಲವೋ ಎಂದು ಅವರಿಗೂ ಖಾತ್ರಿ ಇರಲಿಲ್ಲ. ಈಗ ಆಚೆ ನೋಡಿದರೆ ಹೆಂಡತಿ ಗದ್ದೆಯಲ್ಲಿ ನಿಂತಿದ್ದಾಳೆ. ಮಾಮಾ ಒಮ್ಮೆ ಅವಳನ್ನು, ಒಮ್ಮೆ ಸೇತುವೆಯನ್ನು, ಒಮ್ಮೆ ಕೊಡೆಯವರನ್ನು ನೋಡಿದರು.

ಅಕ್ಕ ಹಳ್ಳದ ಸಪ್ಪಳವನ್ನೂ ಮೀರಿ ಅಲ್ಲಿಂದಲೇ ಕೂಗಿದಳು: "ರೀ, ಅವರನ್ನ ಹಂಗ ಕಳಸಬ್ಯಾಡ್ರಿ! ಮಳ್ಯಾಗ ಬಂದಾರ, ಚಾ ಕುಡಿಸಿ ಕಳಸ್ರಿ. ಗದ್ದಿ ಮಾತ ಮಾತ್ರ ಎತ್ತಬ್ಯಾಡ್ರಿ ಅಂತ ಹೇಳ್ರಿ!"

ಕೊಡೆಯವರೇ ಮೊದಲು ನಕ್ಕರು. ಮಾಮಾ ಅವರನ್ನು ಮನೆಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿ ಕಳಿಸಿದರು. ಆಮೇಲೆ ಪ್ಯಾಂಟು ಮೊಣಕಾಲಿನವರೆಗೆ ಮಡಚಿ ವಾಪಸ್ಸು ಬಂದು, ಉಳಿದಿದ್ದ ಸಸಿಯ ಕಟ್ಟೊಂದನ್ನು ಹೊತ್ತುಕೊಂಡು, ಅಕ್ಕ ಇದ್ದಲ್ಲಿಗೆ ಹೋದರು.